ಅರ್ಧ ತಲೆ ಕಪ್ಪಾದ ಬಾಣ

ನಕ್ಷೆ ಬಿಡಿಸುವುದು ನನ್ನ ಹೊಟ್ಟೆಪಾಡು. ಬಸವನ ಬಾಗೇವಾಡಿಯ ಅಂಚಿನಲ್ಲಿರುವ ಒಂದು ಸ್ನಾತಕೋತ್ತರ ಕೇಂದ್ರದ ಭೂಗೋಳ ವಿಭಾಗದಲ್ಲಿ ನಾನು ಅಧ್ಯಾಪಕ, ಎಂ.ಎ. ಓದುವ ಹುಡುಗ ಹುಡುಗಿಯರಿಗೆ ನಕ್ಷಾಶಾಸ್ತ್ರ ಕಲಿಸುತ್ತೇನೆ. ಅಳತೆ, ಗುರುತುಗಳ ಸೂಚಿ, ಉತ್ತರ ದಿಕ್ಕಿನ ಬಾಣ, ಈ ಮೂರೂ ಇಲ್ಲದ್ದು ನಕ್ಷೆಯಲ್ಲ, ಬರೀ ಗೀಚಾಟ ಎಂದು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಮೇಜು ಗುದ್ದಿ ಹೇಳುತ್ತೇನೆ. ಅಂಥ ನನಗೆ, ನಮ್ಮ ವಿಭಾಗದ ಮುಂದಿನ ದಾರಿಯನ್ನು ನಮ್ಮ ತಲೆಯೊಳಗಿನ ನಕ್ಷೆ ತೆಗೆದು ಗೊತ್ತುಮಾಡುತ್ತಾರಂತೆ ಎಂಬ ಸುದ್ದಿ ಬಂದಾಗ ನಗು ತಡೆಯಲಾಗಲಿಲ್ಲ. ನಮ್ಮ ತಲೆಗಳೊಳಗೆ ಏನಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ವರ್ಷಗಳಿಂದ ಅದೇ ತಲೆಗಳ ಜೊತೆ ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದೇನೆ.

ಆ ಕಾರಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿಭಾಗದಲ್ಲಿ ಕಾಯಂ ಅಧ್ಯಾಪಕರು ನಾವು ನಾಲ್ವರು, ನಾಲ್ವರ ಮನೆಯೂ ವಿಜಯಪುರದಲ್ಲಿ. ಕಾರು ಜನಸಂಖ್ಯಾ ಭೂಗೋಳ ಕಲಿಸುವ ಹಿರಿಯ ಸಹೋದ್ಯೋಗಿಯದು. ಸಿಂದಗಿ ಕಡೆಯವರು, ಮಾತು ಕಡಿಮೆ, ಹಾರ್ನ್ ಜಾಸ್ತಿ. ಅವರ ಪಕ್ಕದ ಸೀಟು ವಿಭಾಗದ ಮುಖ್ಯಸ್ಥರದು. ಮುಖ್ಯಸ್ಥರು ರಜೆ ಹಾಕಿದ ದಿನವೂ ಆ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಊಟದ ಡಬ್ಬಿಗಳನ್ನು ಅಲ್ಲಿಟ್ಟು ನಾವಿಬ್ಬರು ಹಿಂದೆಯೇ ಕೂರುತ್ತೇವೆ. ಹಿಂದಿನ ಸೀಟಿನಲ್ಲಿ ನನ್ನ ಜೊತೆಗಿರುವವರು ಹವಾಮಾನಶಾಸ್ತ್ರದವರು. ಇಂಡಿ ತಾಲ್ಲೂಕಿನಲ್ಲಿ ಅವರ ಮನೆತನದ ನಿಂಬೆ ತೋಟವಿದೆ, ಹಾಗಾಗಿ ಮುಖ್ಯಸ್ಥರ ಮನೆಯಲ್ಲಿ ನಿಂಬೆಹಣ್ಣಿಗೆ ಎಂದೂ ಬರವಿಲ್ಲ. ಎಲ್ಲರಿಗಿಂತ ಕಿರಿಯ ನಾನು. ನನ್ನ ಕಾಲ ಬಳಿ ಮುಖ್ಯಸ್ಥರ ಕಲ್ಲಿನ ಚೀಲ.

ಮುಖ್ಯಸ್ಥರಿಗೆ ಕಲ್ಲಿನ ಹುಚ್ಚು. ಮುಳವಾಡದ ಕಡೆ ಕಾಲುವೆ ಅಗೆದಾಗ ಹೊರಬಿದ್ದ ಕಪ್ಪು ಬಂಡೆಯ ಚೂರು, ಅದರ ಹೊಟ್ಟೆಯಲ್ಲಿ ಸಿಗುವ ಬಿಳಿ ಹರಳು, ಡೋಣಿ ಹಳ್ಳದ ಉರುಟು ಕಲ್ಲು, ಯಾವುದನ್ನೂ ಅವರು ಬಿಟ್ಟವರಲ್ಲ. ದಾರಿಯಲ್ಲಿ ಕಾರು ನಿಲ್ಲಿಸಿ ಇಳಿದು ಹೋಗಿ ಒಂದು ಕಲ್ಲನ್ನು ಎತ್ತಿ ಮೂಸಿ ನೋಡಿ ಚೀಲಕ್ಕೆ ಹಾಕುತ್ತಾರೆ. ಕಲ್ಲನ್ನು ಮೂಸುವುದೇಕೆ ಎಂದು ಇದುವರೆಗೆ ನಾವ್ಯಾರೂ ಕೇಳಿಲ್ಲ. ಕೇಳಿದರೆ ಕೇಂದ್ರ ಮುಟ್ಟುವವರೆಗೂ ಉತ್ತರ ಕೇಳಬೇಕಾಗುತ್ತದೆ.

ಕಾರು ಬಾಗೇವಾಡಿ ಮುಟ್ಟುವುದು ಹತ್ತೂ ಮುಕ್ಕಾಲಿಗೆ. ಆದ್ದರಿಂದ ನಮ್ಮ ವಿಭಾಗದಲ್ಲಿ ಹನ್ನೊಂದರ ಮೊದಲು ಪಾಠವಿಲ್ಲ. ಹನ್ನೊಂದರಿಂದ ಒಂದೂವರೆಯವರೆಗೆ ಉಪನ್ಯಾಸ, ಆಮೇಲೆ ಊಟ, ಎರಡೂವರೆಯಿಂದ ಐದರವರೆಗೆ ನನ್ನ ಪ್ರಾಯೋಗಿಕ ತರಗತಿ. ನಕ್ಷೆ ಬಿಡಿಸುವ ಹಾಲ್‌ನ ಕಿಟಕಿಗಳೆಲ್ಲ ಪೂರ್ವಕ್ಕಿವೆ. ಬೆಳಿಗ್ಗೆ ಅಲ್ಲಿ ಸೂಜಿಗೆ ದಾರ ಪೋಣಿಸುವಷ್ಟು ಬೆಳಕು. ಮಧ್ಯಾಹ್ನ ಮೂರಕ್ಕೆ ಟ್ಯೂಬ್‌ಲೈಟ್ ಹಾಕಬೇಕು; ಹಾಕಿದರೆ ಅರ್ಧ ಹತ್ತುತ್ತವೆ, ಉಳಿದರ್ಧ ಮಿಣಮಿಣ ಎನ್ನುತ್ತಾ ಕಣ್ಣು ಕೆಡಿಸುತ್ತವೆ.

ಆ ವರ್ಷ ಸೇರಿದವರಲ್ಲಿ ಹೂವಿನ ಹಿಪ್ಪರಗಿಯ ಆಚೆಯ ಹಳ್ಳಿಗಳಿಂದ ಐವರು ಹುಡುಗಿಯರಿದ್ದರು. ಅವರ ಊರುಗಳಿಗೆ ನೇರ ಹೋಗುವ ಬಸ್ಸು ಮಧ್ಯಾಹ್ನ ಮೂರೂವರೆಗೆ. ಅದು ತಪ್ಪಿದರೆ ಮುಂದಿನದು ಹೊತ್ತು ಮುಳುಗಿದ ಮೇಲೆ, ಅದೂ ಹಿಪ್ಪರಗಿಯವರೆಗೆ ಮಾತ್ರ. ಅಲ್ಲಿಂದ ಟೆಂಪೊ ಸಿಕ್ಕರೆ ಸಿಕ್ಕಿತು. ಮೂರೂವರೆ ಬಸ್ಸಿಗೆ ಬರುವುದಾದರೆ ಓದು, ಇಲ್ಲದಿದ್ದರೆ ಮನೆಯಲ್ಲಿರು ಎಂದು ಐದೂ ಮನೆಗಳಲ್ಲಿ ಹೇಳಿ ಕಳಿಸಿದ್ದರು. ಹಾಜರಿಗೆ ಬೆರಳಚ್ಚಿನ ಯಂತ್ರವಿದೆ. ತರಗತಿ ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ಒತ್ತಬೇಕು. ಮುಗಿಯುವ ಹೊತ್ತಿಗೆ ಅವರು ಬಸ್ಸಿನಲ್ಲಿರುತ್ತಿದ್ದರು. ಪ್ರಾಯೋಗಿಕದಲ್ಲಿ ಮುಕ್ಕಾಲು ಪಾಲು ಹಾಜರಿ ಇಲ್ಲದವರಿಗೆ ಪರೀಕ್ಷೆಯ ಹಾಲ್ ಟಿಕೆಟ್ ಇಲ್ಲ. ಮೊದಲ ಸೆಮಿಸ್ಟರಿನಲ್ಲಿ ಅರ್ಜಿ ಬರೆಸಿ, ಸಹಿ ಮಾಡಿಸಿ, ವಿನಾಯಿತಿ ಕೊಡಿಸಿದೆವು. ವಿನಾಯಿತಿ ಒಂದೇ ಸಲ ಎಂದು ಅದೇ ಕಾಗದದ ಕೆಳಗೆ ಬರೆದಿತ್ತು.

ಐವರಲ್ಲಿ ಒಬ್ಬಳ ಕೈ ನಾನು ಮರೆಯುವಂಥದ್ದಲ್ಲ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತ ರೇಖೆ ಎಳೆಯುವಾಗ ಉಳಿದವರು ನಾಲ್ಕು ಸಲ ಅಳಿಸುತ್ತಾರೆ. ಅವಳು ಪೆನ್ಸಿಲ್ ಎತ್ತದೆ ಒಂದು ಗುಡ್ಡವನ್ನು ಪೂರ್ತಿ ಸುತ್ತಿ ಬರುತ್ತಿದ್ದಳು. ಮಾತು ಬಹಳ ಕಡಿಮೆ. ನಾನು ಬೋರ್ಡಿನ ಮೇಲೆ ಹೇಗೆ ಬರೆದೆನೋ ಹಾಗೆಯೇ ಅವಳ ಹಾಳೆಯಲ್ಲಿ ಇಳಿಯುತ್ತಿತ್ತು, ನನ್ನ ಕೆಟ್ಟ ಅಭ್ಯಾಸಗಳೂ ಸೇರಿ. ಉತ್ತರ ದಿಕ್ಕಿನ ಬಾಣಕ್ಕೆ ತಲೆಯ ಎಡ ಅರ್ಧವನ್ನಷ್ಟೇ ಕಪ್ಪು ತುಂಬುವುದು ನನ್ನ ರೂಢಿ. ನನ್ನ ಗುರುಗಳಿಂದ ಬಂದದ್ದು, ಈ ಕೇಂದ್ರದಲ್ಲಿ ಬೇರೆ ಯಾರೂ ಹಾಗೆ ಮಾಡುವುದಿಲ್ಲ. ಅವಳು ಮೊದಲ ವಾರದಿಂದಲೇ ಹಾಗೆ ಮಾಡತೊಡಗಿದ್ದಳು. ನಮ್ಮ ಮಕ್ಕಳು ನಮ್ಮ ಹಾಗೆ ನಡೆಯುವುದನ್ನು ಕಂಡಾಗ ಆಗುವಂಥ ಸಂತೋಷ ಅದು, ಸುಳ್ಳು ಹೇಳುವುದಿಲ್ಲ.

ಎರಡನೆಯ ಸೆಮಿಸ್ಟರಿನ ಮೊದಲ ವಾರ ಅವಳೇ ಐವರ ಪರವಾಗಿ ಬಂದು ನನ್ನ ಮೇಜಿನ ಮುಂದೆ ನಿಂತಳು.

“ಸರ್, ಪ್ರಾಕ್ಟಿಕಲ್ ಮುಂಜಾನಿ ಎಂಟಕ್ಕ ಇಟ್ಟರ ನಾವು ಐದೂ ಮಂದಿ ಬರ್ತೇವ್ರಿ. ಆರರ ಬಸ್ ಐತ್ರಿ. ಹಾಲ್‌ನ್ಯಾಗ ಬೆಳಕೂ ಚೊಲೊ ಇರ್ತೈತಿ.”

ಇದರಲ್ಲಿ ತಪ್ಪು ಹುಡುಕಲು ನನಗೆ ಏನೂ ಸಿಗಲಿಲ್ಲ. ಮುಖ್ಯಸ್ಥರ ಜೊತೆ ಮಾತಾಡುತ್ತೇನೆ, ಚಿಂತೆ ಬೇಡ ಎಂದೆ. ಮಾತಾಡಿದೆ ಕೂಡ. ಕಾರು ಮನಗೂಳಿ ದಾಟುವಾಗ, ಕಲ್ಲಿನ ಮಾತು ಸ್ವಲ್ಪ ಬಿಡುವು ಕೊಟ್ಟಾಗ, ಪ್ರಾಯೋಗಿಕ ತರಗತಿಯನ್ನು ಬೆಳಿಗ್ಗೆ ಎಂಟಕ್ಕೆ ತಂದರೆ ಹೇಗೆ ಎಂದು ಕೇಳಿದೆ. ಮುಖ್ಯಸ್ಥರು ಮುಖ ತಿರುಗಿಸದೆ, ಎಂಟಕ್ಕೆ ಅಲ್ಲಿರಬೇಕೆಂದರೆ ವಿಜಯಪುರ ಎಷ್ಟಕ್ಕೆ ಬಿಡಬೇಕು ಎಂದು ಲೆಕ್ಕ ಹಾಕುವಂತೆ ನಮ್ಮನ್ನೇ ಕೇಳಿದರು. ಕಾರಿನ ಒಡೆಯರು ನಕ್ಕರು. ನಿಂಬೆಯವರೂ ನಕ್ಕರು. ಕೊನೆಗೆ ನಾನೂ ನಕ್ಕೆ. ಆ ವಿಷಯ ಅಲ್ಲಿಗೇ ಮುಗಿಯಿತು. ಅಷ್ಟರಲ್ಲಿ ಐವರಲ್ಲಿ ಇಬ್ಬರು ಬರುವುದನ್ನು ನಿಲ್ಲಿಸಿದರು.

ಇಂಥ ಹೊತ್ತಿನಲ್ಲಿ ಮೇಲಿನಿಂದ ಸುತ್ತೋಲೆ ಬಂತು. ಮೌಲ್ಯಮಾಪನ ತಂಡ ಬರಲಿದೆ, ಪ್ರತಿ ವಿಭಾಗವೂ ಮುಂದಿನ ಐದು ವರ್ಷದ ಕಾರ್ಯತಂತ್ರ ಯೋಜನೆಯನ್ನು ಸಿದ್ಧಪಡಿಸಿರಬೇಕು. ನಮ್ಮಲ್ಲಿ ಹಳೆಯದೊಂದು ಇತ್ತು. ಮುಖ್ಯಸ್ಥರ ಕಪಾಟಿನಿಂದ ತೆಗೆಸಿ ಓದಿದರೆ, ಮೂರನೆಯ ಪುಟದಲ್ಲಿ ವಿಭಾಗವು ಕರಾವಳಿಯ ಕೊರೆತ ಮತ್ತು ಮೀನುಗಾರರ ಬದುಕಿನ ಅಧ್ಯಯನಕ್ಕೆ ಒತ್ತು ಕೊಡುವುದು ಎಂದಿತ್ತು. ಎಲ್ಲಿಂದಲೋ ಎತ್ತಿ ತಂದವರು ಊರಿನ ಹೆಸರು ಮಾತ್ರ ಬದಲಿಸಿದ್ದರು. ಬಾಗೇವಾಡಿಯಿಂದ ಸಮುದ್ರ ಎಷ್ಟು ದೂರ ಎಂಬುದು ಭೂಗೋಳ ವಿಭಾಗದಲ್ಲಿ ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೆಳಗೆ ನಾಲ್ವರ ಸಹಿ ಇತ್ತು, ಅದರಲ್ಲಿ ಒಂದು ನನ್ನದು.

ಈ ಸಲ ಹಾಗಾಗಬಾರದು ಎಂದು ಮುಖ್ಯಸ್ಥರು ಹೊಸ ವಿದ್ಯೆಯೊಂದನ್ನು ತಂದರು. ಅದರ ಹೆಸರು ಅರಿವಿನ ನಕ್ಷೆ. ಅದನ್ನು ಮಾಡಿಸಲು ಮೈಸೂರು ಸೀಮೆಯ ಸಂಪನ್ಮೂಲ ವ್ಯಕ್ತಿಯೊಬ್ಬರು ಬಂದರು. ನಡುವಯಸ್ಸಿನ ಹೆಂಗಸು, ಹತ್ತಿ ಸೀರೆ, ಹೆಗಲಿಗೊಂದು ದೊಡ್ಡ ಚೀಲ, ಅದರ ತುಂಬ ಮೊಟ್ಟೆಯಾಕಾರಕ್ಕೆ ಕತ್ತರಿಸಿದ ಹಳದಿ ಚೀಟಿಗಳು. ಅವರು ವಿವರಿಸಿದ್ದು ಇಷ್ಟು: ಮೊದಲು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸುತ್ತಾರೆ. ನಾವು ಹೇಳಿದ ಒಂದೊಂದು ಸಂಗತಿಯನ್ನು ಒಂದೊಂದು ಚೀಟಿಯಲ್ಲಿ ಬರೆಯುತ್ತಾರೆ. ಆಮೇಲೆ ಎಲ್ಲರ ಚೀಟಿಗಳನ್ನೂ ಒಂದೇ ಗೋಡೆಗೆ ಅಂಟಿಸುತ್ತಾರೆ. ಯಾವುದರಿಂದ ಯಾವುದು ಆಗುತ್ತದೆ ಎಂದು ನಾವೇ ಚೀಟಿಯಿಂದ ಚೀಟಿಗೆ ಬಾಣ ಎಳೆಯಬೇಕು. ಅತಿ ಹೆಚ್ಚು ಬಾಣ ಯಾವ ಚೀಟಿಗೆ ಬಂದು ಸೇರುತ್ತವೋ ಅದೇ ವಿಭಾಗದ ಯೋಚನೆಯ ನಡುಕಂಬ. ಯೋಜನೆಯನ್ನು ಅದರ ಮೇಲೆ ಕಟ್ಟಬೇಕು.

ನಾನು ಮೂಗು ಮುರಿದೆ. ಅಳತೆಯಿಲ್ಲ, ಸೂಚಿಯಿಲ್ಲ, ಉತ್ತರವಿಲ್ಲ, ಇದನ್ನು ಯಾವ ಬಾಯಲ್ಲಿ ನಕ್ಷೆ ಎನ್ನುತ್ತಾರೆ ಎಂದು ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿ ನಗಿಸಿದೆ. ಆದರೆ ಆ ಹುಡುಗಿ ಮತ್ತೆ ಬಂದು ಕೇಳಿದಾಗ ಇದೇ ಗೀಚಾಟ ನನಗೆ ಆಸರೆಯಾಯಿತು. ಕಾರ್ಯಾಗಾರ ಬರುತ್ತಿದೆ, ಅಲ್ಲಿ ಎಲ್ಲರ ಮಾತೂ ಗೋಡೆಗೆ ಬರುತ್ತದೆ, ನಿಮ್ಮ ಬಸ್ಸಿನ ಮಾತೂ ಬರುತ್ತದೆ, ಸ್ವಲ್ಪ ತಾಳಿ ಎಂದೆ. ಅವಳು ತಲೆಯಾಡಿಸಿ ಹೋದಳು. ಉಳಿದ ಮೂವರೂ ನನ್ನ ಮಾತು ನಂಬಿ ಬರುತ್ತಲೇ ಇದ್ದರು, ಮೂರು ಹತ್ತಕ್ಕೆ ಚೀಲ ಎತ್ತಿಕೊಂಡು ಓಡುತ್ತಲೂ ಇದ್ದರು.

ನನ್ನ ಸರದಿ ಬಂದಾಗ ಆ ಹೆಂಗಸು ಬಹಳ ಸಮಾಧಾನದಿಂದ ಕೇಳಿದರು. ಅವರ ಪ್ರಶ್ನೆಗಳೆಲ್ಲ ಒಂದೇ ಪದದವು: ಯಾಕೆ? ಪ್ರವೇಶ ಕಡಿಮೆಯಾಗುತ್ತಿದೆ ಎಂದೆ. ಯಾಕೆ? ನಡುವೆಯೇ ಬಿಡುತ್ತಾರೆ ಎಂದೆ. ಯಾಕೆ? ಪ್ರಾಯೋಗಿಕದಲ್ಲಿ ಹಾಜರಿ ಸಾಲುವುದಿಲ್ಲ. ಯಾಕೆ? ತರಗತಿ ಮಧ್ಯಾಹ್ನವಿದೆ. ಮಧ್ಯಾಹ್ನವೇ ಯಾಕೆ? ಮುಂದಿನ ಮೆಟ್ಟಿಲು ಕಾರು. ಅದರಾಚೆಯ ಮೆಟ್ಟಿಲು, ಕಾರು ಬಿಟ್ಟು ಬೆಳಿಗ್ಗೆ ಆರೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತ ನಾನು. ಹಾಲ್‌ನಲ್ಲಿ ಮಧ್ಯಾಹ್ನ ಬೆಳಕು ಚೆನ್ನಾಗಿರುತ್ತದೆ ಮೇಡಂ, ಎಂದೆ.

ಪೂರ್ವದ ಕಿಟಕಿಗಳ ಹಾಲ್‌ನ ಬಗ್ಗೆ, ದಿಕ್ಕು ಕಲಿಸಿ ಸಂಬಳ ತೆಗೆದುಕೊಳ್ಳುವವನು ಹೇಳಿದ ಮಾತು ಇದು. ಅವರು ನಂಬಿ, ‘ಮಧ್ಯಾಹ್ನದ ಬೆಳಕು’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು, ಚೀಟಿಯನ್ನು ಪಕ್ಕಕ್ಕಿಟ್ಟರು.

ನಮ್ಮಲ್ಲಿ ಐದನೆಯವರೊಬ್ಬರಿದ್ದಾರೆ, ಅತಿಥಿ ಉಪನ್ಯಾಸಕಿ. ಮುದ್ದೇಬಿಹಾಳದವರು. ಬಾಗೇವಾಡಿಯಲ್ಲೇ ಒಂದು ಖೋಲಿ ಬಾಡಿಗೆಗೆ ಹಿಡಿದು ಕೇಂದ್ರಕ್ಕೆ ನಡೆದೇ ಬರುತ್ತಾರೆ. ಬೆಳಿಗ್ಗೆ ಎಂಟೇಕೆ, ಏಳಕ್ಕೆ ಎಂದರೂ ಬರುವವರು. ಆದರೆ ಕಾಯಂ ಅಧ್ಯಾಪಕರಿಲ್ಲದೆ ಪ್ರಾಯೋಗಿಕ ನಡೆಸುವಂತಿಲ್ಲ ಎಂದು ಮುಖ್ಯಸ್ಥರು ನಿಯಮ ತೋರಿಸುತ್ತಾರೆ. ಅವರನ್ನು ವರ್ಷ ವರ್ಷವೂ ಮುಂದುವರಿಸಬೇಕೋ ಬೇಡವೋ ಎಂದು ಬರೆಯುವವರೂ ಮುಖ್ಯಸ್ಥರೇ. ಆ ಹುಡುಗಿಯರು ಬಸ್ಸಿಗೆ ಓಡುವಾಗ ಉಳಿದ ಅರ್ಧ ಪಾಠವನ್ನು ಮರುದಿನ ಊಟದ ಹೊತ್ತಿನಲ್ಲಿ ಹೇಳಿಕೊಡುತ್ತಿದ್ದವರು ಈ ಉಪನ್ಯಾಸಕಿ. ‘ಮೂರೂವರೆಯ ಬಸ್ಸು’ ಎಂಬ ಚೀಟಿ ಅವರು ಹೇಳಿ ಬರೆಸಿದ್ದು. ಯಾರ ಚೀಟಿ ಯಾವುದು ಎಂದು ಗೊತ್ತಾಗಬಾರದೆಂದು ಎಲ್ಲವನ್ನೂ ಆ ಮೈಸೂರಿನ ಹೆಂಗಸೇ ಒಂದೇ ಕೈಯಲ್ಲಿ ಬರೆದಿದ್ದರು. ಆದರೆ ನಮ್ಮಲ್ಲಿ ಬಸ್ಸಿನ ವೇಳೆ ಗೊತ್ತಿರುವವರು ಇನ್ಯಾರಿದ್ದರು?

ಕಾರ್ಯಾಗಾರದ ದಿನ ನಕ್ಷೆಯ ಹಾಲ್‌ನ ಗೋಡೆಗೆ ಉದ್ದಕ್ಕೂ ಕಂದು ಕಾಗದ ಅಂಟಿಸಿ ಅದರ ಮೇಲೆ ಚೀಟಿಗಳನ್ನು ಹರಡಿದ್ದರು. ಇಂಡಿಯ ನಿಂಬೆಯ ಶರಬತ್ತು ಬಂತು. ಮುಖ್ಯಸ್ಥರಿಗೆ ಗೋಡೆಯ ಎದುರು, ನಟ್ಟನಡುವೆ, ಕೈಯಿರುವ ಕುರ್ಚಿ ಹಾಕಿದರು. ಇದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ. ಬಂದಾಕೆ ಎಲ್ಲರಿಗೂ ಒಂದೇ ಬಗೆಯ ಕಪ್ಪು ಮಾರ್ಕರ್ ಕೊಟ್ಟು, ಯಾರ ಬಾಣ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ, ಇಲ್ಲಿ ದೊಡ್ಡವರು ಚಿಕ್ಕವರು ಇಲ್ಲ, ನಿಮ್ಮ ತಲೆಯಲ್ಲಿ ಇದ್ದದ್ದನ್ನೇ ಎಳೆಯಿರಿ ಎಂದರು. ಆಮೇಲೆ ಅವರು ಮಾಡಿದ ತಪ್ಪು ಒಂದೇ. ಯಾರು ಮೊದಲು ಬರುತ್ತೀರಿ ಎಂದು ಕೇಳಿಬಿಟ್ಟರು.

ನಮ್ಮಲ್ಲಿ ಯಾರು ಮೊದಲು ಎಂಬುದು ಕೇಳುವ ಮಾತಲ್ಲ. ಎಲ್ಲರೂ ಮುಖ್ಯಸ್ಥರ ಕಡೆ ನೋಡಿದರು. ಮುಖ್ಯಸ್ಥರು ಎದ್ದು ಹೋಗಿ, ತಮ್ಮದೇ ಎಂದು ಇಡೀ ಹಾಲ್‌ಗೆ ಗೊತ್ತಿದ್ದ ‘ಶಿಲಾ ವಸ್ತುಸಂಗ್ರಹಾಲಯ’ ಎಂಬ ಚೀಟಿಯ ಮೇಲೆ ಬೆರಳಿಟ್ಟು, ‘ವಿಭಾಗದ ಕೀರ್ತಿ’ಯಿಂದ ಅದಕ್ಕೊಂದು ದಪ್ಪ ಬಾಣ ಎಳೆದು ಬಂದು ಕುಳಿತರು. ಕಪ್ಪು ಕಲ್ಲಿನ ಮೇಲೆಯೇ ಹುಟ್ಟಿ ಬೆಳೆದ ಜನ, ಗಾಜಿನ ಪೆಟ್ಟಿಗೆಯಲ್ಲಿ ಕಪ್ಪು ಕಲ್ಲು ನೋಡಲು ಬರುತ್ತಾರೆ ಎಂಬುದು ಅವರ ಬಹುಕಾಲದ ನಂಬಿಕೆ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಸನ್ಮಾನ ಸಮಾರಂಭದಲ್ಲಿ ಒಬ್ಬರ ಹಿಂದೊಬ್ಬರು ಹೋಗಿ ಹಾರ ಹಾಕುತ್ತಾರಲ್ಲ, ಹಾಗೆ ನಡೆಯಿತು. ಕಾರಿನ ಒಡೆಯರು ಎದ್ದು ‘ಪ್ರವೇಶ ಹೆಚ್ಚಳ’ದಿಂದ ಕಲ್ಲಿನ ಚೀಟಿಗೆ ಬಾಣ ಎಳೆದರು. ನಿಂಬೆಯವರು ‘ಸಂಶೋಧನೆ’ಯಿಂದ ಎಳೆದು, ಸಾಲದೆಂಬಂತೆ ‘ಹವಾಮಾನ ಕೇಂದ್ರ’ದಿಂದಲೂ ಎಳೆದರು. ಮಳೆಮಾಪಕದಿಂದ ಕಲ್ಲಿನ ಪೆಟ್ಟಿಗೆಗೆ ಹೇಗೆ ದಾರಿ ಎಂದು ಬಂದಾಕೆ ಮೆಲ್ಲಗೆ ಕೇಳಿದರು. ನಿಂಬೆಯವರು ನಕ್ಕು, ಎಲ್ಲವೂ ಒಂದಕ್ಕೊಂದು ಹೊಂದಿಕೊಂಡೇ ಇರುತ್ತದೆ ಎಂದರು. ನಾವು ಬಾಣವನ್ನು ಕಾರಣ ತೋರಿಸಲು ಎಳೆಯುತ್ತಿರಲಿಲ್ಲ, ಕೈ ಮುಗಿಯಲು ಎಳೆಯುತ್ತಿದ್ದೆವು. ಇದು ಆ ಮೈಸೂರಿನ ಹೆಂಗಸಿಗೆ ಅರ್ಥವಾಗುವಂತಿರಲಿಲ್ಲ. ಅವರ ಪುಸ್ತಕದಲ್ಲಿ ಬಾಣಕ್ಕೆ ಒಂದೇ ಅರ್ಥವಿತ್ತು.

ನನ್ನ ಸರದಿ ಬಂತು. ಬಸ್ಸಿನ ಚೀಟಿ ಗೋಡೆಯ ಎಡ ತುದಿಯಲ್ಲಿ, ಕೆಳಗೆ, ಒಂಟಿಯಾಗಿತ್ತು. ನಾಲ್ಕು ಹೆಜ್ಜೆ ನಡೆದು ಹೋಗಿ ಅದರಿಂದ ‘ನಡುವೆ ಬಿಡುವವರು’ ಎಂಬ ಚೀಟಿಗೆ ಒಂದು ಗೆರೆ ಎಳೆದರೆ ಮುಗಿಯುತ್ತಿತ್ತು. ಬೆನ್ನ ಹಿಂದೆ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ನಾನು ನಿಂತಲ್ಲಿಂದಲೇ ಕೈ ಚಾಚಿದೆ, ಹತ್ತಿರದ ಚೀಟಿಯಿಂದ ಕಲ್ಲಿನ ಚೀಟಿಗೆ ಎಳೆದೆ, ಬಂದು ಕುಳಿತೆ. ಯಾವ ಚೀಟಿಯಿಂದ ಎಳೆದೆ ಎಂದು ಆಗ ಸರಿಯಾಗಿ ನೋಡಲೂ ಇಲ್ಲ.

ಕೊನೆಗೆ ಅತಿಥಿ ಉಪನ್ಯಾಸಕಿ ಎದ್ದರು. ಮಾರ್ಕರ್ ಹಿಡಿದು ಬಸ್ಸಿನ ಚೀಟಿಯ ಮುಂದೆ ಒಂದು ಕ್ಷಣ ನಿಂತರು. ಆಮೇಲೆ ಬಲಕ್ಕೆ ಸರಿದು, ಬಾಣಗಳ ಗೊಂಚಲಲ್ಲಿ ಜಾಗ ಹುಡುಕಿ, ಅವರೂ ಕಲ್ಲಿನ ಚೀಟಿಗೇ ಒಂದು ಸಣ್ಣ ಬಾಣ ಎಳೆದರು. ನನಗೆ ಅವರ ಮೇಲೆ ಸಿಟ್ಟು ಬಂತು. ತನ್ನ ಚೀಟಿಗೆ ತಾನೇ ನಿಲ್ಲದವರು ಎಂಥವರು ಎಂದು ಮನಸ್ಸಿನಲ್ಲಿ ಬೈದುಕೊಂಡೆ. ನನ್ನ ಸಿಟ್ಟು ಎಷ್ಟು ಅಗ್ಗದ್ದು ನೋಡಿ, ಕಾಯಂ ನೌಕರಿಯವನು ವರ್ಷದ ಆದೇಶದ ಮೇಲೆ ಬದುಕುವವರ ಮೇಲೆ ಮಾಡಿದ್ದು.

ಎಣಿಸಿ ನೋಡಿದ ಮೇಲೆ, ಇಷ್ಟೊಂದು ಒಮ್ಮತದ ವಿಭಾಗವನ್ನು ತಾವು ಎಲ್ಲೂ ಕಂಡಿಲ್ಲ ಎಂದರು ಬಂದಾಕೆ. ಹೊಗಳಿದರೋ ಚುಚ್ಚಿದರೋ ತಿಳಿಯಲಿಲ್ಲ. ಮುಖ್ಯಸ್ಥರು ಹೊಗಳಿಕೆಯೆಂದೇ ತಿಳಿದು ಕತ್ತು ಬಾಗಿಸಿದರು. ಆಗ ಆಕೆ ಎಡ ತುದಿಗೆ ಹೋಗಿ ಬಸ್ಸಿನ ಚೀಟಿಯನ್ನು ಮುಟ್ಟಿ ತೋರಿಸಿದರು.

“ಇದಕ್ಕೆ ಒಂದು ಬಾಣವೂ ಬಂದಿಲ್ಲ, ಇದರಿಂದ ಒಂದು ಬಾಣವೂ ಹೋಗಿಲ್ಲ. ಆದರೆ ಯಾರೋ ಇದನ್ನು ಬಹಳ ಮನಸ್ಸಿಟ್ಟು ಹೇಳಿದ್ದರು. ಇದರ ಬಗ್ಗೆ ಯಾರಾದರೂ ಮಾತಾಡುತ್ತೀರಾ?”

ಮಾತಾಡಬೇಕಾದ್ದು ನಾನು. ಹುಡುಗಿಯರಿಗೆ ಮಾತು ಕೊಟ್ಟವನು ನಾನು, ತರಗತಿ ನನ್ನದು, ಬೆಳಕಿನ ಸುಳ್ಳು ನನ್ನದು. ಶರಬತ್ತಿನ ಲೋಟದ ತಳದಲ್ಲಿ ಎರಡು ನಿಂಬೆ ಬೀಜ ಇದ್ದವು, ಅವನ್ನು ನೋಡುತ್ತಾ ಕೂತೆ.

“ಅದು ಬಸ್ಸಿನವರ ವಿಷಯ ರಿ ಮೇಡಂ,” ಎಂದರು ಮುಖ್ಯಸ್ಥರು. “ನಮ್ಮ ಕೈಯಾಗ ಏನೈತಿ?”

ಆಕೆ ಇನ್ನೊಂದು ಸಲ ನಮ್ಮೆಲ್ಲರ ಮುಖ ನೋಡಿ ಚೀಲ ಕಟ್ಟಿಕೊಂಡರು. ಸಂಜೆ ಕಾರಿನಲ್ಲಿ ಅವರ ಹತ್ತಿ ಸೀರೆ, ಅವರ ಮೊಟ್ಟೆ ಚೀಟಿ, ಅವರ ‘ಯಾಕೆ ಯಾಕೆ’ ಎಲ್ಲವನ್ನೂ ಅಣಕಿಸಿ ತೋರಿಸಿದವನು ನಾನೇ. ಮನಗೂಳಿ ಬರುವವರೆಗೂ ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಆ ವಿದ್ಯೆಯ ಬಗ್ಗೆ ನಾನು ಹೇಳಿದ್ದು ಸುಳ್ಳು ಎಂದು ಇಂದು ಒಪ್ಪಿಕೊಳ್ಳಬೇಕು. ನಮ್ಮ ತಲೆಯಲ್ಲಿ ಇದ್ದದ್ದು ಇದ್ದಂತೆಯೇ ಗೋಡೆಗೆ ಬಂದಿತ್ತು. ಎಲ್ಲರ ಯೋಚನೆಯೂ ಕೈಯಿರುವ ಕುರ್ಚಿಯ ಕಡೆಗೇ ಹರಿಯುತ್ತಿತ್ತು, ಬಸ್ಸು ಒಂದು ಮೂಲೆಯಲ್ಲಿತ್ತು, ಕಾರಂತೂ ಎಲ್ಲೂ ಇರಲಿಲ್ಲ. ನಾನು ಇಷ್ಟು ವರ್ಷ ಬಿಡಿಸಿದ ಯಾವ ನಕ್ಷೆಯೂ ಇಷ್ಟು ಕರಾರುವಾಕ್ಕಾಗಿರಲಿಲ್ಲ.

ಯೋಜನೆ ಅಚ್ಚಾಯಿತು, ಹೊಳೆಯುವ ರಟ್ಟಿನಲ್ಲಿ. ಅದರಲ್ಲಿ ಕರಾವಳಿ ಇರಲಿಲ್ಲ, ಅಷ್ಟರಮಟ್ಟಿಗೆ ಸುಧಾರಿಸಿದ್ದೆವು. ನಕ್ಷೆಯ ಹಾಲ್‌ನ ಪೂರ್ವದ ಅರ್ಧಕ್ಕೆ, ಕಿಟಕಿಗಳಿಗೆ ಬೆನ್ನು ಹಚ್ಚಿ, ಗಾಜಿನ ಪೆಟ್ಟಿಗೆಗಳು ಬಂದವು. ಮೇಜುಗಳನ್ನು ಇನ್ನೂ ಕತ್ತಲ ಕಡೆ ಸರಿಸಿದರು. ಮೌಲ್ಯಮಾಪನ ತಂಡ ಬಂದು ಕಲ್ಲು ನೋಡಿ ತಲೆದೂಗಿ, ಊಟ ಮಾಡಿ ಹೋಯಿತು. ತಂಡಕ್ಕೆ ಎಲ್ಲದಕ್ಕೂ ಪುರಾವೆ ಬೇಕಿತ್ತು. ಆದ್ದರಿಂದ ಆ ಕಂದು ಕಾಗದವನ್ನೇ, ಚೀಟಿ ಬಾಣಗಳ ಸಮೇತ, ಚೌಕಟ್ಟು ಹಾಕಿಸಿ ಹಾಲ್‌ನ ಗೋಡೆಗೆ ತೂಗುಹಾಕಿದೆವು. ನಾನೇ ಏಣಿ ಹಿಡಿದು ಅದು ಸೊಟ್ಟ ನಿಲ್ಲದಂತೆ ನೋಡಿಕೊಂಡೆ.

ಸೆಮಿಸ್ಟರಿನ ಕೊನೆಗೆ ಹಾಜರಿ ಪಟ್ಟಿ ಬಂತು. ಮೂವರ ಹೆಸರಿನ ಮುಂದೆಯೂ ಕೆಂಪು ಗೆರೆ ಇತ್ತು. ಇಬ್ಬರು ಆಮೇಲೆ ಕಾಣಲೇ ಇಲ್ಲ. ಪೆನ್ಸಿಲ್ ಎತ್ತದೆ ಗುಡ್ಡ ಸುತ್ತುವ ಆ ಹುಡುಗಿ ಮಾತ್ರ ಒಂದು ದಿನ ಮಧ್ಯಾಹ್ನ ಪ್ರವೇಶ ರದ್ದು ಮಾಡಿಸುವ ಅರ್ಜಿ ಹಿಡಿದು ನಾನಿದ್ದ ಹಾಲ್‌ಗೇ ಬಂದಳು. ವಿಷಯ ಕಲಿಸುವವರ ಸಹಿ ಬೇಕಿತ್ತು. ಕಣ್ಣಲ್ಲಿ ನೀರಿರಲಿಲ್ಲ, ಮುಖದಲ್ಲಿ ಸಿಟ್ಟೂ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಮುಂದೆ ಏನು ಮಾಡುತ್ತೀ ಎಂದು ಕೇಳಿದೆ. ಮನೆಯಲ್ಲಿ ಇರುತ್ತೇನೆ ಎಂದಳು. ಅರ್ಜಿಯ ಮೇಲೆ ಷರಾ ಬರೆಯಲು ನಾನು ಪದ ಹುಡುಕುತ್ತಿದ್ದಾಗ ಅವಳು ಗೋಡೆಯ ಚೌಕಟ್ಟಿನ ಮುಂದೆ ಹೋಗಿ ನಿಂತಳು. ನಕ್ಷೆ ಕಂಡರೆ ಓದದೆ ಬಿಡುವವಳಲ್ಲ, ಹಾಗೆ ಕಲಿಸಿದ್ದೂ ನಾನೇ. ಬಹಳ ಹೊತ್ತು ನೋಡಿದಳು.

“ನಮ್ಮ ಬಸ್ ಐತ್ರಿ ಸರ್ ಇದರಾಗ,” ಎಂದಳು. ಇನ್ನೊಂದು ಚೀಟಿ ತೋರಿಸಿ, “ಮಧ್ಯಾಹ್ನದ ಬೆಳಕು ಅಂತ ಯಾರು ಬರಿಸ್ಯಾರ್ರಿ? ಅವರಿಗೆ ದಿಕ್ಕ ಗೊತ್ತಿಲ್ಲೇನ್ರಿ?” ಎಂದಳು.

ಯಾರು ಏನು ಹೇಳಿದರು, ಯಾರು ಎಲ್ಲಿ ಬಾಣ ಎಳೆದರು ಎಂಬುದು ಯಾರಿಗೂ ತಿಳಿಯುವುದಿಲ್ಲ, ಆ ವಿಧಾನವೇ ಹಾಗೆ ಎಂದು ನಾನು ಅವಳಿಗೆ ಪಾಠದ ದನಿಯಲ್ಲಿ ವಿವರಿಸಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ತರಗತಿಯಲ್ಲಿ ಉತ್ತರ ಹೇಳುವಷ್ಟೇ ಸಹಜವಾಗಿ ಗಾಜಿನ ಮೇಲೆ ಒಂದು ಕಡೆ ಬೆರಳಿಟ್ಟಳು.

“ಇದು ನಿಮ್ಮದ್ರಿ ಸರ್. ಅರ್ಧಾ ತಲಿ ಕರಿ ಮಾಡೀರಿ.”

ಎದ್ದು ಹೋಗಿ ನೋಡಿದೆ. ಕಲ್ಲಿನ ಚೀಟಿಗೆ ಮುಗಿಬಿದ್ದ ಬಾಣಗಳ ನಡುವೆ ಒಂದೇ ಒಂದರ ತಲೆಯ ಎಡ ಅರ್ಧ ನೀಟಾಗಿ ಕಪ್ಪು ತುಂಬಿತ್ತು. ಅವಸರದಲ್ಲೂ ಕೈ ತನ್ನ ರೂಢಿ ಬಿಟ್ಟಿರಲಿಲ್ಲ. ಅದು ಹೊರಟದ್ದು ‘ವಿದ್ಯಾರ್ಥಿಗಳ ಹಿತ’ ಎಂಬ ಚೀಟಿಯಿಂದ.

ಮೇಜಿಗೆ ಮರಳಿದೆ. ಅರ್ಜಿಗೆ ಸಹಿ ಹಾಕಿ ಕೊಟ್ಟೆ. ಅವಳು ಅದನ್ನು ಮಡಿಸಿ ಚೀಲಕ್ಕೆ ಹಾಕಿ, ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ, ಎರಡೂ ಕೈ ಮುಗಿದು ಹೋದಳು. ಗೋಡೆಯ ಗಡಿಯಾರದಲ್ಲಿ ಮೂರು ಹತ್ತಾಗಿತ್ತು. ಆ ಇಡೀ ವರ್ಷದಲ್ಲಿ ಅವಳು ಓಡದೆ ನಡೆದು ಹೋದದ್ದು ಅದೊಂದು ದಿನ.

ಮರುದಿನ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಮನೆ ಮುಂದೆ ಹಾರ್ನ್ ಕೇಳಿಸಿತು. ಹೋಗಿ ಹಿಂದಿನ ಸೀಟಿನಲ್ಲಿ ಕುಳಿತೆ, ಕಲ್ಲಿನ ಚೀಲಕ್ಕೆ ಜಾಗವಾಗಲೆಂದು ಕಾಲು ಪಕ್ಕಕ್ಕೆ ಸರಿಸಿಕೊಂಡೆ.